ಮಾಡಿಗೆ ಸೋಲಾರ್ ಹಾಕಿಸುವವರೇ, ಏಣಿ ಏರುವ ಮುನ್ನ...



ನಮ್ಮ ಕಾಸರಗೋಡು ಕಡೆಯ ಮನೆಗಳ ಮಾಡುಗಳ ಮೇಲೆ ಈಚೆಗೆ ಹೊಸದೊಂದು ಹೊದಿಕೆ ಕಾಣಿಸತೊಡಗಿದೆ. ಮುಂಚೆ ಹಂಚು ಬಂತು, ಆಮೇಲೆ ಟೆರೇಸು ಬಂತು, ಟೆರೇಸು ಸೋರತೊಡಗಿದಾಗ ಅದರ ಮೇಲೆ ತಗಡಿನ ಶೀಟು ಬಂತು. ಈಗ ಆ ಶೀಟಿನ ಮೇಲೆ ಕಡು ನೀಲಿ ಬಣ್ಣದ ಸೋಲಾರ್ ಪ್ಯಾನಲುಗಳು ಬರುತ್ತಿವೆ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರವು ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯನ್ನು ಆರಂಭಿಸಿ, 3 ಕಿಲೋವ್ಯಾಟ್ ಮತ್ತು ಅದಕ್ಕಿಂತ ದೊಡ್ಡ ಮನೆ ಘಟಕಕ್ಕೆ 78,000 ರೂಪಾಯಿ ಸಹಾಯಧನ ಘೋಷಿಸಿದ ಮೇಲಂತೂ ಪೂಜೆ ಮುಗಿಸಿ ಇಗರ್ಜಿಯ ಅಂಗಳದಲ್ಲಿ ನಿಂತವರ ಮಾತಿನಲ್ಲಿ ಅಡಿಕೆ ಧಾರಣೆಯಷ್ಟೇ ಸೋಲಾರ್ ಕೂಡ ಕೇಳಿಬರುತ್ತಿದೆ. ‘ನಿಮಗೆ ಎಷ್ಟು ಖರ್ಚಾಯಿತು?’ ‘ಬಿಲ್ಲು ಎಷ್ಟು ಕಡಿಮೆಯಾಯಿತು?’ ‘ಸಬ್ಸಿಡಿ ಬಂತಾ?’ ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ‘ಕೆಲಸದವರು ಮಾಡು ಹತ್ತುವಾಗ ಬೆಲ್ಟು ಹಾಕಿಕೊಂಡಿದ್ದರಾ?’ ಎಂದು ಕೇಳಿದವರನ್ನು ನಾವು ಈವರೆಗೆ ಕಂಡಿಲ್ಲ. ಆದ್ದರಿಂದ ಈ ಸಂಚಿಕೆಯಲ್ಲಿ ಲಾಭನಷ್ಟದ ಲೆಕ್ಕವನ್ನು ಬದಿಗಿಟ್ಟು, ಸೋಲಾರ್ ಕೂರಿಸುವ ಆ ಒಂದೆರಡು ದಿನಗಳ ಸುರಕ್ಷತೆಯ ಬಗ್ಗೆ ಮಾತ್ರ ಬರೆಯುತ್ತಿದ್ದೇವೆ.

ಹಳೆಯ ಸೋಲಾರ್ ಬೇರೆ, ಇದು ಬೇರೆ

ನಮ್ಮವರಲ್ಲಿ ಒಂದು ಧೈರ್ಯವಿದೆ. ಸೋಲಾರ್ ಎಂದರೆ ಏನೂ ಮಾಡುವುದಿಲ್ಲ, ಶಾಕ್ ಹೊಡೆಯುವುದಿಲ್ಲ ಎಂಬ ಧೈರ್ಯ. ಇದು ಬಂದದ್ದು ಸುಮ್ಮನೆ ಅಲ್ಲ. 1995ರಲ್ಲಿ ಡಾ. ಹರೀಶ್ ಹಂದೆಯವರು ಬೆಂಗಳೂರಿನಲ್ಲಿ ಕಟ್ಟಿದ ಸೆಲ್ಕೋ ಸಂಸ್ಥೆ, ಕರೆಂಟು ಕಾಣದ ಹಳ್ಳಿಮನೆಗಳಿಗೆ ಸೋಲಾರ್ ದೀಪ ಕೊಟ್ಟಿತು. ಆ ಸೇವೆಗಾಗಿ 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ಆ ಕಾಲದ ಮನೆ ದೀಪಗಳೆಂದರೆ ಒಂದು ಸಣ್ಣ ಪ್ಯಾನಲು, 12 ವೋಲ್ಟಿನ ಒಂದು ಬ್ಯಾಟರಿ, ನಾಲ್ಕು ದೀಪ. ಆ ವಯರನ್ನು ಬರಿಗೈಯಲ್ಲಿ ಮುಟ್ಟಿದರೂ ಏನೂ ಆಗುತ್ತಿರಲಿಲ್ಲ. ಮನೆಯ ಮಕ್ಕಳೇ ಬಿಚ್ಚಿ ಜೋಡಿಸುತ್ತಿದ್ದರು.

ಈಗ ಮಾಡಿನ ಮೇಲೆ ಕೂರುವುದು ಆ ಜಾತಿಯದ್ದಲ್ಲ. ಇಂದಿನ 540 ವ್ಯಾಟಿನ ಒಂದು ಪ್ಯಾನಲಿನಿಂದ ಸುಮಾರು 50 ವೋಲ್ಟ್ ಬರುತ್ತದೆ. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದಂತೆ ಅವುಗಳನ್ನು ಸಾಲಾಗಿ ಜೋಡಿಸಿದಾಗ ಈ ವೋಲ್ಟುಗಳು ಕೂಡುತ್ತಾ ಹೋಗುತ್ತವೆ. 3 ಕಿಲೋವ್ಯಾಟಿನ ಮನೆಗೆ ಆರು ಪ್ಯಾನಲ್ ಎಂದರೆ ಸುಮಾರು 300 ವೋಲ್ಟ್. 5 ಕಿಲೋವ್ಯಾಟಿಗೆ ಹತ್ತು ಪ್ಯಾನಲ್ ಎಂದರೆ 500ರ ಹತ್ತಿರ. ಡಿ.ಸಿ. ಕರೆಂಟಿನಲ್ಲಿ 120 ವೋಲ್ಟನ್ನು ದಾಟಿದರೆ ಜೀವಕ್ಕೆ ಅಪಾಯ ಎಂಬುದು ವಿದ್ಯುತ್ ಮಾನದಂಡಗಳ ಲೆಕ್ಕ. ಇದು ಅದರ ಎರಡು, ಮೂರು, ನಾಲ್ಕು ಪಟ್ಟು!

ಇನ್ನೊಂದು ಮುಖ್ಯ ಸಂಗತಿ. ಮನೆಯ ಕರೆಂಟಿಗೆ ಮೈನ್ ಸ್ವಿಚ್ ಇದೆ, ಆಫ್ ಮಾಡಿದರೆ ಮುಗಿಯಿತು. ಪ್ಯಾನಲಿಗೆ ಆಫ್ ಎಂಬುದಿಲ್ಲ. ಬೆಳಕು ಬಿದ್ದಷ್ಟು ಹೊತ್ತು ಅದು ಕರೆಂಟು ಹುಟ್ಟಿಸುತ್ತಲೇ ಇರುತ್ತದೆ; ಮೋಡ ಕವಿದ ದಿನವೂ ವೋಲ್ಟೇಜ್ ಹೆಚ್ಚು ಇಳಿಯುವುದಿಲ್ಲ. ಕೆಳಗೆ ಗೋಡೆಯಲ್ಲಿರುವ ಸ್ವಿಚ್ ತೆಗೆದರೆ ಸ್ವಿಚ್ಚಿನಿಂದ ಈಚೆ ಮಾತ್ರ ಕರೆಂಟು ನಿಲ್ಲುತ್ತದೆ, ಆಚೆಗೆ ಮಾಡಿನವರೆಗಿನ ವಯರು ಜೀವಂತವೇ. ‘ಲೈನ್ ಆಫ್ ಮಾಡಿದ್ದೇವಲ್ಲ’ ಎಂದುಕೊಂಡು ಮೇಲೆ ಹತ್ತಿ ಕೈ ಹಾಕುವವರಿಗೆ ಇದು ಗೊತ್ತಿರಬೇಕು. ಮನೆಯ ಇ.ಎಲ್.ಸಿ.ಬಿ. ಕಾಪಾಡುತ್ತದೆ ಎಂಬ ಭರವಸೆಯೂ ಇಲ್ಲಿ ನಡೆಯದು. ಅದು ಇನ್ವರ್ಟರಿನಿಂದ ಈಚೆಗಿನ ಮನೆ ಕರೆಂಟನ್ನು ಕಾಯುವ ಸಾಧನ. ಪ್ಯಾನಲಿನ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದವನು ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಮೊದಲ ಶತ್ರು ಕರೆಂಟಲ್ಲ, ಎತ್ತರ

ಇಷ್ಟೆಲ್ಲ ಕರೆಂಟಿನ ಬಗ್ಗೆ ಹೇಳಿದೆವಾದರೂ, ಮಾಡಿನ ಕೆಲಸದಲ್ಲಿ ನಾವು ಮೊದಲು ಹೆದರಬೇಕಾದದ್ದು ಬೀಳುವುದಕ್ಕೆ. ಒಂದು ಪ್ಯಾನಲ್ ಏಳೂವರೆ ಅಡಿ ಉದ್ದ, ಮೂರು ಮುಕ್ಕಾಲು ಅಡಿ ಅಗಲ ಇರುತ್ತದೆ. ತೂಕ 28ರಿಂದ 32 ಕಿಲೋ. ಅರ್ಧ ಮೂಟೆ ಅಕ್ಕಿಯ ಭಾರ ಅಷ್ಟೇನೂ ದೊಡ್ಡದಲ್ಲ ನಿಜ, ಆದರೆ ಅಕ್ಕಿ ಮೂಟೆಗೆ ಗಾಳಿ ಹಿಡಿಯುವುದಿಲ್ಲ. ಪ್ಯಾನಲ್ ಎಂದರೆ ದೋಣಿಯ ಹಾಯಿ ಇದ್ದ ಹಾಗೆ. ಕಡಲ ಕಡೆಯಿಂದ ಒಂದು ಗಾಳಿ ಬೀಸಿತೆಂದರೆ ಹಿಡಿದವನನ್ನೇ ಎಳೆದುಕೊಂಡು ಹೋದೀತು. ಒಬ್ಬನೇ ತಲೆಯ ಮೇಲಿಟ್ಟುಕೊಂಡು ಏಣಿ ಏರುವುದನ್ನು ನೋಡಿ ‘ಎಂಥ ಗಟ್ಟಿ ಹುಡುಗ’ ಎಂದು ಮೆಚ್ಚುವವರಿದ್ದಾರೆ. ಮೆಚ್ಚಬೇಡಿ, ಇಳಿಸಿ. ಒಂದು ಪ್ಯಾನಲಿಗೆ ಇಬ್ಬರು ಬೇಕು. ಮೇಲೆ ಸಾಗಿಸಲು ಹಗ್ಗ, ರಾಟೆ ಅಥವಾ ಅಟ್ಟಳಿಗೆ ಬೇಕು. ಏಣಿ ಇರುವುದು ಮನುಷ್ಯ ಹತ್ತಲಿಕ್ಕೆ, ಎರಡೂ ಕೈ ಖಾಲಿಯಿಟ್ಟುಕೊಂಡು.

ಏಣಿಯ ವಿಷಯದಲ್ಲಿ ಒಂದು ಸುಲಭ ಲೆಕ್ಕವಿದೆ. ನಾಲ್ಕಡಿ ಎತ್ತರಕ್ಕೆ ಒಂದಡಿಯಂತೆ ಬುಡವನ್ನು ಗೋಡೆಯಿಂದ ದೂರ ಇಡಬೇಕು. ಹನ್ನೆರಡು ಅಡಿಗೆ ಮೂರಡಿ. ಏಣಿಯ ತುದಿ ಮಾಡಿನ ಅಂಚಿನಿಂದ ಮೂರಡಿಯಾದರೂ ಮೇಲಕ್ಕೆ ನಿಲ್ಲಬೇಕು, ಇಲ್ಲದಿದ್ದರೆ ಇಳಿಯುವಾಗ ಹಿಡಿಯಲು ಏನೂ ಇರುವುದಿಲ್ಲ. ತುದಿಯನ್ನು ಹಗ್ಗದಿಂದ ಕಟ್ಟಬೇಕು. ನಮ್ಮ ಮುರಕಲ್ಲಿನ ಅಂಗಳ ನುಣುಪಾಗಿದ್ದರೆ ಬುಡದಲ್ಲಿ ಒಬ್ಬರು ನಿಂತಿರಬೇಕು.

ಅಲ್ಯೂಮಿನಿಯಂ ಏಣಿಯ ಬಗ್ಗೆ ಅಡಿಕೆ ತೋಟದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಅಲ್ಯೂಮಿನಿಯಂ ದೋಟಿ ಕರೆಂಟು ಲೈನಿಗೆ ತಾಗಿ ನಮ್ಮ ಕಡೆ ಎಷ್ಟು ಜೀವಗಳು ಹೋಗಿವೆ ಎಂಬುದು ಎಲ್ಲರಿಗೂ ತಿಳಿದಿದೆ. (ಹೊಸದಾಗಿ ಬಂದ ಕಾರ್ಬನ್ ಫೈಬರ್ ದೋಟಿ ಹಗುರ, ಆದರೆ ಅದರಲ್ಲಿಯೂ ಕರೆಂಟು ಹರಿಯುತ್ತದೆ. ಇದನ್ನು ಈ ಸಂದರ್ಭದಲ್ಲಿ ಹೇಳಿಬಿಡುತ್ತೇವೆ.) ಸೋಲಾರ್ ಕೆಲಸದಲ್ಲಿ ಉದ್ದದ ಪೈಪು, ರೈಲು, ಏಣಿ ಎಲ್ಲವೂ ಲೋಹದ್ದೇ. ಮನೆಯ ಬದಿಯಲ್ಲಿ ಕಂಬದ ಲೈನ್ ಹೋಗಿದ್ದರೆ ಕೆಲಸಕ್ಕೆ ಮುಂಚೆ ಕೆ.ಎಸ್.ಇ.ಬಿ. ಸೆಕ್ಷನ್ ಕಚೇರಿಗೆ ತಿಳಿಸಿ. ನಿಯಮದ ಪ್ರಕಾರ 11 ಕೆ.ವಿ. ಲೈನು ಕಟ್ಟಡದಿಂದ ಅಡ್ಡಕ್ಕೆ 1.2 ಮೀಟರ್, ಮೇಲಕ್ಕೆ 3.7 ಮೀಟರ್ ದೂರ ಇರಬೇಕು. ಸೋಲಾರ್ ಚೌಕಟ್ಟು ನಿಂತ ಮೇಲೆ ಕಟ್ಟಡದ ಎತ್ತರ ಹೆಚ್ಚುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ.

ಇನ್ನು ಬೆಲ್ಟು. ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುವುದು ಸುರಕ್ಷತೆಯಲ್ಲ. ಬಿದ್ದಾಗ ಅದೇ ಹಗ್ಗ ಬೆನ್ನುಮೂಳೆಗೋ ಹೊಟ್ಟೆಯ ಒಳಭಾಗಗಳಿಗೋ ಗಾಯ ಮಾಡಬಹುದು. ಬೇಕಾದದ್ದು ಭುಜ, ಎದೆ, ತೊಡೆ ಮೂರನ್ನೂ ಹಿಡಿಯುವ ಪೂರ್ತಿ ಮೈಯ ಬೆಲ್ಟು. ಅದರ ಮೇಲೆ ಐ.ಎಸ್. 3521 ಎಂಬ ಗುರುತು ಇರುತ್ತದೆ, ನೋಡಿ. ಬೆಲ್ಟು ತಂದರೂ ಅದನ್ನು ಕಟ್ಟುವುದು ಯಾವುದಕ್ಕೆ ಎಂಬುದು ಇನ್ನೊಂದು ಪ್ರಶ್ನೆ. ನೀರಿನ ಟ್ಯಾಂಕಿಯ ಪಿ.ವಿ.ಸಿ. ಪೈಪಿಗೆ, ತುಕ್ಕು ಹಿಡಿದ ಕಂಬಿಗೆ, ಈಗಷ್ಟೇ ನಿಲ್ಲಿಸಿದ ಪ್ಯಾನಲಿನ ಚೌಕಟ್ಟಿಗೆ ಕಟ್ಟಿದರೆ ಏನು ಪ್ರಯೋಜನ? ಕಾಂಕ್ರೀಟು ಕಂಬಕ್ಕೋ ಗಟ್ಟಿಯಾದ ಉಕ್ಕಿನ ತೊಲೆಗೋ ಕಟ್ಟಬೇಕು, ಸಾಧ್ಯವಾದಷ್ಟು ತಲೆಯಿಂದ ಮೇಲೆ.

ನಮ್ಮ ಮಾಡುಗಳ ಗುಣ

1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಹಂಚಿನ ಮಾಡು ನಮ್ಮ ಊರಿನ ಗುರುತಾಗಿದೆ. ಆದರೆ ಆ ಪಕ್ಕಾಸು, ರೀಪುಗಳು ಹೊರಲು ಹುಟ್ಟಿದ್ದು ಹಂಚನ್ನು ಮಾತ್ರ. ಗೆದ್ದಲು ತಿಂದ ಹಳೆಯ ಪಕ್ಕಾಸಿನ ಮೇಲೆ ಆರು ಪ್ಯಾನಲ್, ಕಬ್ಬಿಣ, ಮೂರು ಜನ ಒಟ್ಟಿಗೆ ಏರಿದರೆ ಎಲ್ಲರೂ ಒಟ್ಟಿಗೇ ಚಾವಡಿಗೆ ಇಳಿದಾರು. ಹಂಚಿನ ಮನೆಯವರಿಗೆ ನಮ್ಮ ಅಭಿಪ್ರಾಯ ಇಷ್ಟೆ: ಮಾಡನ್ನು ಬಿಟ್ಟುಬಿಡಿ, ಅಂಗಳದ ಬದಿಯಲ್ಲೋ ಕೊಟ್ಟಿಗೆಯ ಪಕ್ಕದಲ್ಲೋ ನೆಲದಿಂದ ಕಬ್ಬಿಣದ ಕಂಬ ನಿಲ್ಲಿಸಿ ಅದರ ಮೇಲೆ ಹಾಕಿಸಿ. ಖರ್ಚು ಸ್ವಲ್ಪ ಹೆಚ್ಚು, ಆದರೆ ತೊಳೆಯಲಿಕ್ಕೂ ಅನುಕೂಲ.

ಸಿಮೆಂಟು ಶೀಟು ಅಂದರೆ ಆಸ್ಬೆಸ್ಟಾಸ್ ಶೀಟು ಇದಕ್ಕಿಂತಲೂ ಮೋಸದ್ದು. ಹೊರಗಿನಿಂದ ಗಟ್ಟಿಯಾಗಿ ಕಾಣುತ್ತದೆ, ಕಾಲಿಟ್ಟ ಕ್ಷಣ ಒಡೆಯುತ್ತದೆ, ಮುನ್ಸೂಚನೆ ಕೊಡುವುದಿಲ್ಲ. ಅದರ ಮೇಲೆ ನೇರವಾಗಿ ನಡೆಯಲೇಬಾರದು. ಅಡ್ಡಪಟ್ಟಿಗಳಿರುವ ಸಾಲನ್ನು ನೋಡಿ, ಎರಡು ಪಟ್ಟಿಗಳಿಗೆ ತಾಗುವಂತೆ ಉದ್ದದ ಹಲಗೆ ಹಾಕಿ ಅದರ ಮೇಲೆ ಮಾತ್ರ ನಡೆಯಬೇಕು. ಅದಕ್ಕೆ ತೂತು ಕೊರೆಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಸೇರಿದರೆ ವರ್ಷಗಳು ಕಳೆದ ಮೇಲೆ ಕಾಯಿಲೆಯಾಗಿ ಹೊರಬರುತ್ತದೆ. ಅಂಥ ಮಾಡು ಇದ್ದವರು ಸೋಲಾರಿಗೆ ಮುಂಚೆ ಶೀಟನ್ನೇ ಬದಲಾಯಿಸುವುದು ಲೇಸು.

ತಗಡಿನ ಶೀಟಿನಲ್ಲಿ ಒಡೆಯುವ ಭಯ ಕಡಿಮೆ, ಜಾರುವ ಭಯ ಹೆಚ್ಚು. ಮಳೆ ನಿಂತು ವಾರ ಕಳೆದರೂ ನೆರಳಿನ ಬದಿಯಲ್ಲಿ ಪಾಚಿ ಒಣಗಿರುವುದಿಲ್ಲ. ರಬ್ಬರ್ ಅಡಿಯ ಬೂಟು ಬೇಕು. ಹವಾಯಿ ಚಪ್ಪಲಿ ಖಂಡಿತ ಬೇಡ.

ಯಾವಾಗ ಹಾಕಿಸಬೇಕು?

ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಎಂದು ನಾವು ಹೇಳುತ್ತೇವೆ. ಜೂನಿನಿಂದ ಸೆಪ್ಟೆಂಬರ್ ಮಳೆಯದ್ದಾಯಿತು. ಎಪ್ರಿಲ್-ಮೇ ಹಾಗೂ ಅಕ್ಟೋಬರ್-ನವೆಂಬರ್ ಸಿಡಿಲಿನ ತಿಂಗಳುಗಳು. ಮಧ್ಯಾಹ್ನ 2ರಿಂದ ರಾತ್ರಿ 10ರ ನಡುವೆ ಸಿಡಿಲಿನ ಸಂಭವ ಹೆಚ್ಚೆಂದು ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರ ಎಚ್ಚರಿಸುತ್ತಾ ಬಂದಿದೆ. ಗುಡುಗಿನ ಮೊದಲ ಸದ್ದು ಕೇಳಿದೊಡನೆ ಮಾಡಿನಿಂದ ಇಳಿಯಬೇಕು. ‘ಇನ್ನೊಂದೇ ಪ್ಯಾನಲ್ ಉಳಿದಿದೆ’ ಎಂಬುದು ಕಾರಣವಾಗದು. ಮಾರ್ಚ್-ಎಪ್ರಿಲಿನ ಬಿಸಿಲೂ ಸಣ್ಣದಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂದು ಕೇರಳದ ಕಾರ್ಮಿಕ ಇಲಾಖೆ ಆದೇಶ ಹೊರಡಿಸುವುದು ವಾಡಿಕೆ. ತಗಡಿನ ಮೇಲೆ ಪ್ಯಾನಲಿನ ಮೈ 60-70 ಡಿಗ್ರಿಗೆ ಕಾಯುತ್ತದೆ. ತಲೆಸುತ್ತಿ ಬಿದ್ದವನೂ ಬೀಳುವುದು ಅಷ್ಟೇ ಎತ್ತರದಿಂದ. ಬೆಳಿಗ್ಗೆ ಏಳಕ್ಕೆ ಕೆಲಸ ಆರಂಭವಾಗುವಂತೆ ನೋಡಿಕೊಳ್ಳಿ. ಮಜ್ಜಿಗೆಯೋ ಉಪ್ಪು ಬೆರೆಸಿದ ಗಂಜಿನೀರೋ ಕೊಟ್ಟರೆ ಮನೆಯವರು ಬಡವರಾಗುವುದಿಲ್ಲ.

ಜೋಡಣೆಯ ಒಳಗುಟ್ಟು

ಮನೆಯ ಕರೆಂಟು ಒಂದು ಸೆಕೆಂಡಿನಲ್ಲಿ 50 ಸುತ್ತು ಸುತ್ತುತ್ತದೆ. ಆಗ 100 ಸಲ ಸೊನ್ನೆಗೆ ಇಳಿದು ಬರುತ್ತದೆ. ಆದ್ದರಿಂದ ಅದರ ಕಿಡಿ ಹಾರಿದರೂ ಬೇಗ ಆರುತ್ತದೆ. ಪ್ಯಾನಲಿನ ಡಿ.ಸಿ. ಎಂದೂ ಸೊನ್ನೆಗೆ ಇಳಿಯುವುದಿಲ್ಲ. ಅದರ ಕಿಡಿ ಒಮ್ಮೆ ಹಚ್ಚಿಕೊಂಡರೆ ವೆಲ್ಡಿಂಗಿನ ಬೆಳಕಿನಂತೆ ಉರಿಯುತ್ತಲೇ ಇರುತ್ತದೆ. ಓಡುತ್ತಿರುವ ಘಟಕದ ಪ್ಲಗ್ಗನ್ನು ಎಳೆದು ಬಿಚ್ಚಿದರೆ ಆಗುವುದು ಅದೇ. ನಿಲ್ಲಿಸುವ ಕ್ರಮ ಹೀಗೆ: ಮೊದಲು ಮನೆ ಕರೆಂಟಿನ ಬದಿಯ ಎ.ಸಿ. ಸ್ವಿಚ್, ಆಮೇಲೆ ಪ್ಯಾನಲ್ ಬದಿಯ ಡಿ.ಸಿ. ಸ್ವಿಚ್. ಆಮೇಲೂ ಇನ್ವರ್ಟರಿನ ಒಳಗೆ ಸ್ವಲ್ಪ ಹೊತ್ತು ಕರೆಂಟು ತುಂಬಿಕೊಂಡಿರುತ್ತದೆ. ಎಷ್ಟು ನಿಮಿಷ ಕಾಯಬೇಕೆಂದು ಅದರ ಮೈಮೇಲೆಯೇ ಬರೆದಿರುತ್ತದೆ, ಸಾಮಾನ್ಯವಾಗಿ ಐದು ನಿಮಿಷ. ಅದಾದ ಮೇಲೆಯೇ ಪ್ಲಗ್ಗಿಗೆ ಕೈ.

ಸೋಲಾರಿನಿಂದ ಬೆಂಕಿ ಹತ್ತಿಕೊಳ್ಳುವುದು ಹೆಚ್ಚಾಗಿ ಪ್ಯಾನಲಿನಿಂದಲ್ಲ, ಸಡಿಲವಾದ ಜೋಡಣೆಯಿಂದ. ಎಂ.ಸಿ.4 ಎಂಬ ಪ್ಲಗ್ಗುಗಳನ್ನು ಅದಕ್ಕೆಂದೇ ಇರುವ ಇಕ್ಕಳದಿಂದ ಒತ್ತಿ ಕೂರಿಸಬೇಕು. ಸಾಮಾನ್ಯ ಕಟಿಂಗ್ ಪ್ಲೇಯರಿನಿಂದ ಜಜ್ಜಿದರೆ ಒಳಗೆ ಸಡಿಲ ಉಳಿಯುತ್ತದೆ. ಗಂಡು ಒಂದು ಕಂಪೆನಿಯದ್ದು, ಹೆಣ್ಣು ಇನ್ನೊಂದು ಕಂಪೆನಿಯದ್ದು ಆಗಬಾರದು. ಹೊಂದಿದಂತೆ ಕಂಡರೂ ಒಳಗೆ ಹೊಂದಿರುವುದಿಲ್ಲ. ವಯರು ಮಾಡಿನ ತಗಡಿಗೆ ಉಜ್ಜುತ್ತಾ ಬಿದ್ದಿರಬಾರದು, ಪೈಪಿನೊಳಗೆ ಹೋಗಬೇಕು. ಇಲ್ಲದಿದ್ದರೆ ಅಳಿಲು ಮತ್ತು ಇಲಿ ಉಳಿದ ಕೆಲಸ ಮುಗಿಸುತ್ತವೆ. ವಯರಿಂಗ್ ಮಾಡುವವರಿಗೆ ವಯರ್‌ಮ್ಯಾನ್ ಪರ್ಮಿಟ್ ಇದೆಯೇ ಎಂದು ಕೇಳುವುದು ಅಗೌರವವಲ್ಲ.

ಅರ್ತಿಂಗಿನ ಗುಂಡಿ ಒಂದಲ್ಲ, ಮೂರು ಬೇಕು: ಸಿಡಿಲು ತಡೆಯುವ ಸರಳಿಗೆ ಒಂದು, ಪ್ಯಾನಲ್ ಹಾಗೂ ಚೌಕಟ್ಟಿಗೆ ಒಂದು, ಎ.ಸಿ. ಬದಿಗೆ ಒಂದು. ಮುರಕಲ್ಲಿನ ನೆಲದಲ್ಲಿ ಗುಂಡಿ ತೋಡುವುದು ಕಷ್ಟ ಎಂದು ಒಂದರಲ್ಲೇ ಮುಗಿಸುವವರಿದ್ದಾರೆ. ಕೆಲಸ ಮುಗಿದ ಮೇಲೆ ಮೂರನ್ನೂ ತೋರಿಸಿ ಎನ್ನಿ, ಅರ್ತ್ ಅಳೆದ ಅಂಕಿಯನ್ನು ಬರೆಸಿಕೊಳ್ಳಿ. ಗಾಳಿಗೂ ಇದೇ ಮಾತು. ಮಂಗಳೂರು, ಕಲ್ಲಿಕೋಟೆಗಳಿಗೆ ಕಟ್ಟಡ ಸಂಹಿತೆ ಇಟ್ಟುಕೊಂಡ ಗಾಳಿಯ ವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ ಸುಮಾರು 140 ಕಿಲೋಮೀಟರ್. ಕಡಲ ಉಪ್ಪುಗಾಳಿಗೆ ಸಾಮಾನ್ಯ ಬೋಲ್ಟು ನಾಲ್ಕು ಮಳೆಗಾಲ ಬಾಳದು. ಸ್ಟೀಲಿನ ಬೋಲ್ಟನ್ನೇ ಹಾಕಿಸಿ.

ಒಂದು ಮಾತು ಲೈನ್‌ಮ್ಯಾನುಗಳ ಪರವಾಗಿ. ಲೈನಿನಲ್ಲಿ ಕರೆಂಟು ಹೋದಾಗ ಮಾಮೂಲಿ ಸೋಲಾರ್ ಇನ್ವರ್ಟರ್ ತಾನೇ ನಿಂತುಬಿಡುತ್ತದೆ. ಬಿಸಿಲಿದ್ದರೂ ಮನೆಯಲ್ಲಿ ಕರೆಂಟಿಲ್ಲವಲ್ಲ ಎಂದು ಬೇಸರಪಡಬೇಡಿ. ಕಂಬದ ಮೇಲೆ ಕೆಲಸ ಮಾಡುತ್ತಿರುವ ಯಾರದೋ ಮಗ ಬದುಕಿ ಮನೆಗೆ ಹೋಗಲೆಂದೇ ಆ ಏರ್ಪಾಡು. ಅದನ್ನು ತಪ್ಪಿಸಲು ಪ್ಲಗ್ಗು ತಿರುಗಿಸಿ ಜನರೇಟರನ್ನೋ ಬ್ಯಾಟರಿ ಇನ್ವರ್ಟರನ್ನೋ ಮನೆಯ ಲೈನಿಗೆ ಹಚ್ಚುವ ಜಾಣತನ ಬೇಡ.

ಆಪತ್ತು ಬಂದರೆ

ಗಂಡಸರು ಗಲ್ಫಿನಲ್ಲಿ, ಮಕ್ಕಳು ಕಾಲೇಜಿನಲ್ಲಿ, ಮನೆಯಲ್ಲಿ ಅಮ್ಮನೊಬ್ಬಳೇ ಎಂಬ ಕುಟುಂಬಗಳು ನಮ್ಮಲ್ಲಿ ಕಡಿಮೆಯಿಲ್ಲ. ಆದ್ದರಿಂದ ಇದನ್ನು ಮನೆಯ ಹೆಂಗಸರು ವಿಶೇಷವಾಗಿ ಓದಬೇಕೆಂದು ಕೋರುತ್ತೇವೆ.

ಶಾಕ್ ಹೊಡೆದವನನ್ನು ಮುಟ್ಟಬೇಡಿ. ಡಿ.ಸಿ. ಶಾಕ್ ಹೊಡೆದಾಗ ಸ್ನಾಯುಗಳು ಬಿಗಿದು ಹಿಡಿದದ್ದನ್ನು ಬಿಡಲಾಗದಂತೆ ಆಗಬಹುದು. ಅವನನ್ನು ಹಿಡಿದ ನೀವೂ ಸಿಕ್ಕಿಬೀಳುತ್ತೀರಿ. ಎರಡೂ ಸ್ವಿಚ್ಚು ತೆಗೆಯಿರಿ, ಅಷ್ಟಕ್ಕೇ ನಂಬಬೇಡಿ. ಒಣಗಿದ ಮರದ ಕೋಲಿನಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ ಅವನನ್ನು ವಯರಿನಿಂದ ದೂರ ತಳ್ಳಿ. 108ಕ್ಕೋ 112ಕ್ಕೋ ಫೋನು ಮಾಡಲು ಇನ್ನೊಬ್ಬರಿಗೆ ಹೇಳಿ. ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಬೆನ್ನಡಿಯಾಗಿ ಗಟ್ಟಿ ನೆಲದಲ್ಲಿ ಮಲಗಿಸಿ, ಎದೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು ಎರಡು ಇಂಚು ಆಳಕ್ಕೆ ಒತ್ತಿ. ನಿಮಿಷಕ್ಕೆ 100ರಿಂದ 120 ಸಲ. ಬಾಯಿಗೆ ಉಸಿರು ಕೊಡಲು ತಿಳಿಯದಿದ್ದರೆ ಬೇಡ, ಒತ್ತುವುದನ್ನು ಮಾತ್ರ ನಿಲ್ಲಿಸಬೇಡಿ. ಎದ್ದು ಕೂತು ‘ನನಗೇನೂ ಆಗಿಲ್ಲ’ ಎಂದವನನ್ನೂ ಆಸ್ಪತ್ರೆಗೆ ಒಯ್ದು ಇ.ಸಿ.ಜಿ. ಮಾಡಿಸಬೇಕು. ಹೃದಯದ ತಾಳ ತಪ್ಪಿರುವುದು ಹೊರಗಿನಿಂದ ಕಾಣುವುದಿಲ್ಲ.

ಎತ್ತರದಿಂದ ಬಿದ್ದವನನ್ನು ಎತ್ತಿ ಕೂರಿಸುವುದು, ನೀರು ಕುಡಿಸುವುದು, ಆಟೋದಲ್ಲಿ ಮಡಚಿ ಹಾಕಿಕೊಂಡು ಹೋಗುವುದು ಬೇಡ. ಕುತ್ತಿಗೆ ಅಲುಗಾಡದಂತೆ ಹಿಡಿದು ಆಂಬ್ಯುಲೆನ್ಸಿಗೆ ಕಾಯಿರಿ. ಬೆಲ್ಟಿನಲ್ಲಿ ತೂಗಾಡುತ್ತಿರುವವನನ್ನು ಮಾತ್ರ ಆದಷ್ಟು ಬೇಗ ಇಳಿಸಬೇಕು. ಕಾಲಿಗೆ ಇಳಿದ ರಕ್ತ ಮೇಲೆ ಬಾರದೆ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು.

ಇನ್ವರ್ಟರಿನಲ್ಲೋ ವಯರಿನಲ್ಲೋ ಬೆಂಕಿ ಕಂಡರೆ ಕೊಡಪಾನದ ನೀರು ಎರಚಬೇಡಿ. ಡ್ರೈ ಪೌಡರಿನ ಸಣ್ಣ ಸಿಲಿಂಡರ್ ಒಂದನ್ನು ಹತ್ತಿರದಲ್ಲಿ ತೂಗುಹಾಕಿರಿ. ಮಾಡಿಗೆ ಹತ್ತಿದ್ದರೆ ಮನೆಯಿಂದ ಹೊರಬಂದು 101ಕ್ಕೆ ಫೋನು ಮಾಡಿ, ‘ಮೇಲೆ ಸೋಲಾರ್ ಇದೆ’ ಎಂದು ಮೊದಲೇ ತಿಳಿಸಿ. ತೆಂಗಿನಕಾಯಿಯೋ ಮಡಲೋ ಬಿದ್ದು ಪ್ಯಾನಲಿನ ಗಾಜು ಬಿರಿದರೆ ಅದು ಸತ್ತಿತೆಂದು ತಿಳಿಯಬೇಡಿ. ಅದು ಕರೆಂಟು ಹುಟ್ಟಿಸುತ್ತಲೇ ಇರುತ್ತದೆ, ನೆನೆದಾಗ ಚೌಕಟ್ಟಿಗೂ ಹರಿಸಬಹುದು. ಹಾಕಿದವರನ್ನೇ ಕರೆಸಿ.

ಕೊನೆಯದಾಗಿ ಭಾಷೆಯ ವಿಷಯ. ಗಡಿನಾಡಿನ ನಮಗೆ ಇದು ಬರಿಯ ಅಭಿಮಾನದ ಪ್ರಶ್ನೆಯಲ್ಲ. ಕೆಲಸಕ್ಕೆ ಬರುವ ಹುಡುಗರು ಮಲಯಾಳವನ್ನೋ ಹಿಂದಿಯನ್ನೋ ಮಾತಾಡುತ್ತಾರೆ, ಪೆಟ್ಟಿಗೆಯ ಮೇಲಿನ ಬರಹ ಇಂಗ್ಲಿಷಿನಲ್ಲಿ, ಕಾಗದಪತ್ರಗಳು ಮಲಯಾಳದಲ್ಲಿ. ಮನೆಯ ಅಜ್ಜಿಗೆ ಓದಲು ಬರುವುದು ಕನ್ನಡ ಮಾತ್ರ. ಹೊಗೆ ಕಂಡ ಗಳಿಗೆಯಲ್ಲಿ ಯಾವ ಸ್ವಿಚ್ಚೆಂದು ಹುಡುಕುತ್ತಾ ನಿಲ್ಲಲಾಗುವುದಿಲ್ಲ. ಕೆಲಸದವರು ಹೊರಡುವ ಮೊದಲು ಅವರನ್ನು ನಿಲ್ಲಿಸಿಕೊಂಡು, ಮನೆಯ ಎಲ್ಲರ ಎದುರಿಗೆ ಒಂದು ಸಲ ಆಫ್ ಮಾಡಿಸಿ, ಪುನಃ ಆನ್ ಮಾಡಿಸಿ. ಆಮೇಲೆ ಅಳಿಸದ ಶಾಯಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ‘1: ಮೊದಲು ಇದು’, ‘2: ಆಮೇಲೆ ಇದು’, ‘ಮಾಡಿನ ವಯರಿನಲ್ಲಿ ಹಗಲಿಡೀ ಕರೆಂಟು ಇರುತ್ತದೆ’ ಎಂದು ಬರೆದು ಅಂಟಿಸಿ. ಅದರ ಕೆಳಗೆ ಹಾಕಿದವರ ಫೋನ್ ನಂಬ್ರ, ಕೆ.ಎಸ್.ಇ.ಬಿ.ಯ 1912, ಅಗ್ನಿಶಾಮಕದ 101, ಆಂಬ್ಯುಲೆನ್ಸಿನ 108. ಅಕ್ಷರ ಚೆನ್ನಾಗಿರುವ ಮಗುವಿನ ಕೈಯಲ್ಲಿ ಬರೆಸಿದರೆ ಮಗುವಿಗೂ ವಿಷಯ ತಿಳಿದಂತಾಯಿತು.